ಕೈಗಾಡಿಯ ಟಯರ್ ನೀವೇ ಬದಲಿಸಿ

ತೋಟಕ್ಕೆ ಗೊಬ್ಬರ ಹೊರುವ ದಿನವೇ ಕೈಗಾಡಿಯ ಗಾಳಿ ಹೋಗುತ್ತದೆ. ಆಮೇಲೆ ಶುರು, ಸ್ಕ್ರೂಡ್ರೈವರ್ ಹಿಡಿದು ಕುಸ್ತಿ. ಹೊಸ ಟ್ಯೂಬು ಹಾಕಿದರೂ ಗಾಳಿ ನಿಲ್ಲುವುದಿಲ್ಲ. ಟ್ಯೂಬೇ ಸರಿಯಿಲ್ಲ ಅಂತ ಅಂಗಡಿಯವನಿಗೆ ಬೈಗುಳ. ನಾನೂ ಬೈದವನೇ. ಬಿಚ್ಚಿ ನೋಡಿದರೆ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಎರಡು ತೂತು. ಕಚ್ಚಿದ್ದು ನನ್ನದೇ ಸ್ಕ್ರೂಡ್ರೈವರ್.

ಮೊದಲು ಟಯರಿನ ಪಕ್ಕದಲ್ಲಿರುವ ಅಳತೆ ಓದಿ. 4.00-8 ಅಂತಿದ್ದರೆ ಅಗಲ 4 ಇಂಚು, ರಿಮ್ಮು 8 ಇಂಚು. ಇದು ಆಟೋರಿಕ್ಷಾದ ಅಳತೆಯೂ ಹೌದು. ಹಾಗಾಗಿ ಟ್ಯೂಬನ್ನು ಆಟೋ ಬಿಡಿಭಾಗದ ಅಂಗಡಿಯಲ್ಲೇ ತನ್ನಿ. ಗಾಡಿ ಜೊತೆ ಬರುವ ಕಾಗದದಂಥ ಟ್ಯೂಬಿಗಿಂತ ಅದು ಎಷ್ಟೋ ವಾಸಿ. ವಾಲ್ವು ನೇರವಾ, ಬಾಗಿದ್ದಾ ಅಂತ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿ. ಟಯರ್ ಮಾತ್ರ ಆಟೋದ್ದು ಬೇಡ. ಅದರ ಪಕ್ಕ ತುಂಬಾ ಗಟ್ಟಿ, ಕೂರಿಸುವಷ್ಟರಲ್ಲಿ ಬೆವರಿಳಿಯುತ್ತದೆ.

ಚಕ್ರ ಬಿಚ್ಚಿ, ವಾಲ್ವಿನ ಒಳಗಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡಿ. ಕೆಲವು ಗಾಡಿ, ಸಣ್ಣ ಟ್ರೇಲರ್‌ಗಳಲ್ಲಿ ರಿಮ್ಮು ಎರಡು ಹೋಳಾಗಿದ್ದು ನಟ್ಟುಗಳಿಂದ ಜೋಡಿಸಿರುತ್ತಾರೆ. ಗಾಳಿ ಇರುವಾಗ ಆ ನಟ್ಟು ಮುಟ್ಟಬೇಡಿ, ಹೋಳು ಸಿಡಿದು ಮುಖಕ್ಕೇ ಬರುತ್ತದೆ. ಗಾಳಿ ಖಾಲಿಯಾದ ಮೇಲೆ ಹೋಳು ಬಿಡಿಸಿದರೆ ಕೆಲಸ ಮುಗಿದಂತೆ. ಕೆಳಗಿನ ಗೋಳು ಒಂದೇ ತುಂಡಿನ ರಿಮ್ಮಿನದು.

ಟಯರಿನ ಅಂಚು ತುಕ್ಕಿಗೆ ಕಚ್ಚಿಕೊಂಡಿದ್ದರೆ ರಿಮ್ಮಿನ ಪಕ್ಕದಲ್ಲೇ ಹಲಗೆ ಇಟ್ಟು ಹತ್ತಿ ನಿಲ್ಲಿ. ಬಿಡಲಿಲ್ಲವಾ? ಬೈಕಿನ ಸೈಡ್ ಸ್ಟ್ಯಾಂಡನ್ನು ಟಯರಿನ ಮೇಲೆ ಇಳಿಸಿ, ಬೈಕನ್ನು ಅದರ ಮೇಲೆ ವಾಲಿಸಿ.

ಈಗ ಎಲ್ಲರೂ ಸೋಲುವ ಜಾಗ. ರಿಮ್ಮಿನ ನಡುವೆ ಸುತ್ತಲೂ ಒಂದು ಹಳ್ಳ ಇರುತ್ತದೆ. ಟಯರಿನ ಅಂಚಿನೊಳಗೆ ತಂತಿ ಇರುವುದರಿಂದ ಆ ಅಂಚು ಹಿಗ್ಗುವುದಿಲ್ಲ. ನೀವು ಎತ್ತುವ ಜಾಗದ ಎದುರುಗಡೆಯ ಅಂಚು ಆ ಹಳ್ಳಕ್ಕೆ ಇಳಿದರೆ ಮಾತ್ರ ಈಚೆಗೆ ಸಡಿಲ ಸಿಗುತ್ತದೆ. ಅದಕ್ಕೇ ಎದುರುಗಡೆ ಮಂಡಿ ಊರಿ ಒತ್ತಿ ಹಿಡಿಯಬೇಕು. ಅಂಚಿಗೆ ಸೋಪಿನ ನೀರು ಹಚ್ಚಿ. ಗ್ರೀಸು, ಡೀಸೆಲ್ ಬೇಡ, ರಬ್ಬರು ಹಾಳಾಗುತ್ತದೆ. ತುದಿ ಗುಂಡಗಿರುವ ಲಿವರ್‌ನಿಂದ ಎರಡೆರಡೇ ಇಂಚು ಎತ್ತಿ. ಜೋರು ಹಾಕಬೇಕಾಯಿತು ಅಂದರೆ ಆಚೆ ಬದಿ ಹಳ್ಳದಿಂದ ಮೇಲೆ ಬಂದಿದೆ ಅಂತಲೇ ಲೆಕ್ಕ.

ಹಳೇ ಟಯರೇ ಹಾಕುವುದಾದರೆ ಒಳಗೆ ಬಟ್ಟೆ ಸುತ್ತಿದ ಕೈ ಆಡಿಸಿ. ಜಾಲಿಮುಳ್ಳಿನ ತುದಿ ಅಲ್ಲೇ ಮುರಿದು ಕೂತಿರುತ್ತದೆ.

ಹಾಕುವಾಗ ಮೊದಲು ಟಯರಿನ ಒಂದು ಅಂಚು ಒಳಗೆ. ಟ್ಯೂಬಿಗೆ ಪೌಡರ್ ಸವರಿ, ಆಕಾರ ಬರುವಷ್ಟು ಮಾತ್ರ ಗಾಳಿ ಕೊಟ್ಟು ತೂರಿಸಿ. ಚಪ್ಪಟೆ ಟ್ಯೂಬು ಮಡಚಿಕೊಂಡು ಲಿವರ್ ಬಾಯಿಗೆ ಸಿಗುತ್ತದೆ. ಎರಡನೇ ಅಂಚನ್ನು ವಾಲ್ವಿನ ಎದುರಿನಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ವಾಲ್ವಿನ ಬುಡ ಹಳ್ಳದಲ್ಲಿ ಜಾಗ ಹಿಡಿದಿರುತ್ತದಲ್ಲ, ಅಲ್ಲಿ ಅಂಚು ಕೆಳಗಿಳಿಯುವುದಿಲ್ಲ. ಕೊನೆಯ ಮೂರ್ನಾಲ್ಕು ಇಂಚು ಹೆಬ್ಬೆರಳಲ್ಲೇ ನೂಕಿ. ಆಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಸಿಕ್ಕಿಕೊಂಡ ಟ್ಯೂಬು ಬಿಡಿಸಿಕೊಳ್ಳುತ್ತದೆ.

ಸ್ವಲ್ಪ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿ. ಒಳಗಿನ ಸುಕ್ಕು ನೇರವಾಗುತ್ತದೆ. ಟಯರಿನ ಪಕ್ಕದ ಸಣ್ಣ ಗೆರೆ ರಿಮ್ಮಿನ ಸುತ್ತ ಒಂದೇ ಸಮ ಕಾಣಬೇಕು. ಎಷ್ಟು ಪೌಂಡ್ ಅಂತ ಟಯರಿನ ಮೇಲೇ ಬರೆದಿರುತ್ತದೆ, ಕೈಗಾಡಿಗೆ ಸಾಮಾನ್ಯವಾಗಿ 30. ಲಾರಿಗೆ ಗಾಳಿ ಹಾಕುವ ಕಂಪ್ರೆಸರ್ ಮುಂದೆ ಮೈಮರೆತು ನಿಲ್ಲಬೇಡಿ, ಇಷ್ಟು ಚಿಕ್ಕ ಟಯರ್ ಕ್ಷಣದಲ್ಲಿ ತುಂಬಿಬಿಡುತ್ತದೆ.

ಪಂಕ್ಚರ್ ಆಗದ ಗಟ್ಟಿ ಟಯರ್ ಮಾರುತ್ತಾರೆ. ಒಂದು ದಿನ ಕಲ್ಲುದಾರಿಯಲ್ಲಿ ತಳ್ಳಿ ನೋಡಿ, ರಾತ್ರಿ ಮೊಣಕೈ ಮಾತಾಡುತ್ತದೆ.

ಹಳೇ ಟ್ಯೂಬು ಎಸೆಯಬೇಡಿ. ಉದ್ದ ಪಟ್ಟಿಯಾಗಿ ಕತ್ತರಿಸಿಟ್ಟರೆ ಸೋರುವ ಸ್ಪ್ರಿಂಕ್ಲರ್ ಪೈಪಿಗೆ ಬಿಗಿದು ಸುತ್ತಲು ಅದಕ್ಕಿಂತ ಒಳ್ಳೆಯದಿಲ್ಲ.