ಗಲ್ಲಾದಲ್ಲಿ ಕೂತವರಿಗೆ ಗುರುತು ಸಿಕ್ಕ ಮೇಲೆ

ಅಂಕಣ ನಿಲ್ಲಿಸುತ್ತೇನೆ ಅಂದಾಗ ಸಂಪಾದಕರು ಮೊದಲು ಕೇಳಿದ್ದು, "ಯಾಕೆ ಮೇಡಂ, ಶುಗರ್ ಬಂತಾ?" ಅಂತ. ಹೋಟೆಲ್ ತಿಂಡಿಯ ಬಗ್ಗೆ ವರ್ಷಗಟ್ಟಲೆ ಬರೆಯುವವರು ಡಾಕ್ಟರು ಗದರಿಸಿದ ಮೇಲೇ ಬಿಡುವುದು ಎಂಬ ನಂಬಿಕೆ ಎಲ್ಲ ಕಡೆ ಇದೆ. ಪೂರ್ತಿ ಸುಳ್ಳೂ ಅಲ್ಲ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ 2012ರಿಂದ ರೆಸ್ಟೊರೆಂಟ್ ವಿಮರ್ಶೆ ಬರೆಯುತ್ತಿದ್ದ ಪೀಟ್ ವೆಲ್ಸ್ 2024ರಲ್ಲಿ ಆ ಕೆಲಸ ಬಿಟ್ಟಾಗ ತಮ್ಮ ಕೊಲೆಸ್ಟರಾಲ್, ಸಕ್ಕರೆ, ರಕ್ತದೊತ್ತಡದ ವರದಿಯನ್ನೇ ಓದುಗರ ಮುಂದಿಟ್ಟು ಹೋದರು. ನನ್ನ ವರದಿ ಚೆನ್ನಾಗಿಯೇ ಇತ್ತು. ನಾನು ಬಿಡಬೇಕಾಗಿ ಬಂದದ್ದು ಮೈಸೂರಿನ ಹೋಟೆಲ್‌ಗಳಲ್ಲಿ ನನ್ನ ಮುಖ ಗೊತ್ತಾಗಿಬಿಟ್ಟಿದ್ದರಿಂದ.

ಪತ್ರಿಕೆ ಸಣ್ಣದು, ಊರಿನದೇ. ನಾನು ಅಲ್ಲಿನ ನೌಕರಳಲ್ಲ. ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಭಾನುವಾರದ ಪುರವಣಿಗೆ ಕಾವ್ಯನಾಮದಲ್ಲಿ ಅರ್ಧ ಪುಟ ಬರೆಯುತ್ತಿದ್ದೆ. ಶುರು ಮಾಡುವಾಗಲೇ ಕೆಲವು ಷರತ್ತು ಹಾಕಿದ್ದೆ. ತಿಂದದ್ದರ ಬಿಲ್ಲು ಪತ್ರಿಕೆ ಕೊಡಬೇಕು, ಸಂಭಾವನೆಯಲ್ಲಿ ಸೇರಿಸಬಾರದು. ಜಾಹೀರಾತು ವಿಭಾಗದವರು ನನ್ನ ಬರಹವನ್ನು ಅಚ್ಚಾಗುವ ಮೊದಲು ನೋಡಬಾರದು. ಫೋಟೊಗ್ರಾಫರ್ ನಾನು ತಿಂದು ಮುಗಿಸಿ, ಬರೆದೂ ಮುಗಿಸಿದ ಮೇಲಷ್ಟೇ ಹೋಗಬೇಕು. ಬಿಲ್ಲಿನ ಷರತ್ತಿಗೆ ಲೆಕ್ಕಪತ್ರದವರು ಮುಖ ಸಿಂಡರಿಸಿದರು. ಮೂರು ಇಡ್ಲಿ, ಒಂದು ಕಾಫಿಗೂ ವೋಚರ್ ಬರೆಯಬೇಕಾ ಅನ್ನುವುದು ಅವರ ಗೋಳು. ಆದರೆ ಬಿಲ್ಲಿನ ದುಡ್ಡು ನನ್ನ ಜೇಬಿನಿಂದ ಹೋಗತೊಡಗಿದರೆ ಎರಡನೇ ಸಲ ಹೋಗಲು ಮನಸ್ಸು ಬರುವುದಿಲ್ಲ, ಎರಡನೇ ಸಲ ಹೋಗದೆ ಬರೆದದ್ದು ವಿಮರ್ಶೆಯಲ್ಲ.

ಎರಡನೇ ಸಲ ಅಂದರೆ ಬೇರೆ ಹೊತ್ತಿನಲ್ಲಿ. ಬೆಳಿಗ್ಗೆ ಏಳೂವರೆಗೆ ಯಾವ ಹೋಟೆಲಿನ ದೋಸೆಯೂ ಚೆನ್ನಾಗಿರುತ್ತದೆ. ಹನ್ನೊಂದಕ್ಕೆ ಹೋಗಿ ನೋಡಬೇಕು: ಹಿಟ್ಟು ಹುಳಿ ಏರಿರುತ್ತದೆ, ಚಟ್ನಿಗೆ ನೀರು ಬಿದ್ದಿರುತ್ತದೆ, ಸಾಂಬಾರಿನ ತಳದ ಬೇಳೆ ಮುಗಿದು ಮೇಲಿನ ತಿಳಿ ಮಾತ್ರ ಉಳಿದಿರುತ್ತದೆ. ಇದನ್ನು ಸಂಭಾಳಿಸುವ ಅಡುಗೆ ಭಟ್ಟರು ಯಾರು, ಕೈಬಿಡುವವರು ಯಾರು ಎನ್ನುವುದು ಆ ಹೊತ್ತಿನಲ್ಲೇ ಕಾಣುವುದು. ದಸರಾ ಹತ್ತು ದಿನದಲ್ಲಿ ನಾನು ಯಾವ ಹೋಟೆಲನ್ನೂ ತೂಗುತ್ತಿರಲಿಲ್ಲ. ಗಾಂಧಿ ಸ್ಕ್ವೇರಿನ ಆರ್‌ಆರ್‌ಆರ್ ಮುಂದೆ ಬಾಳೆಲೆ ಊಟಕ್ಕೆ ಹೊರಊರಿನವರು ಸಾಲುಗಟ್ಟಿ ನಿಂತಿರುವಾಗ ಒಳಗಿನ ಬಡಿಸುವವರ ಗಡಿಬಿಡಿ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ.

ಎಲ್ಲಿ ಹೋದರೂ ಮೊದಲು ಇಡ್ಲಿ ಮತ್ತು ಕಾಫಿ ಹೇಳುತ್ತಿದ್ದೆ. ಮಿಲಿಟರಿ ಹೋಟೆಲಾದರೆ ಮುದ್ದೆ, ಸಾರು. ಒಂದೇ ತಿಂಡಿಯನ್ನು ಹತ್ತಾರು ಕಡೆ ತಿಂದರೆ ಮಾತ್ರ ನಾಲಿಗೆಗೆ ಒಂದು ಅಳತೆ ಸಿಗುತ್ತದೆ. ಇಡ್ಲಿ ಬಂದ ತಕ್ಷಣ ಮಗುಚಿ ತಳ ನೋಡುವುದು ನನ್ನ ಅಭ್ಯಾಸ. ಬಟ್ಟೆ ಹಾಸಿ ಬೇಯಿಸಿದ್ದರೆ ನೇಯ್ಗೆಯ ಗೆರೆ ತಳದಲ್ಲಿ ಸಣ್ಣಗೆ ಮೂಡಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಂದದ್ದು ನುಣ್ಣಗೆ ಹೊಳೆಯುತ್ತದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಡ್ಲಿಗೆ ಪ್ಲಾಸ್ಟಿಕ್ ಬಳಸುವುದರ ಮೇಲೆ ಮುಗಿಬಿದ್ದಾಗ ಓದುಗರೆಲ್ಲ ಇಡ್ಲಿ ಮಗುಚುವುದನ್ನು ಕಲಿತರು. ಎಣ್ಣೆ ಸವರಿದ ತಟ್ಟೆಯಲ್ಲಿ ಬೇಯಿಸಿದ ಇಡ್ಲಿಯ ತಳವೂ ನುಣ್ಣಗೇ ಇರುತ್ತದೆ, ಸುಮ್ಮನೆ ಜಗಳಕ್ಕೆ ಹೋಗಬೇಡಿ, ಒಳಗೆ ಹೋಗಿ ನೋಡಿ ಎಂದು ಬರೆಯಬೇಕಾಯಿತು.

ಅಳತೆ ಎಂದರೆ ಎಲ್ಲರಿಗೂ ಒಂದೇ ಕೋಲು ಎಂದೂ ಅಲ್ಲ. ನಜರ್‌ಬಾದಿನ ಮೈಲಾರಿ ದೋಸೆ ಗರಿಗರಿಯಾಗಿಲ್ಲ ಎಂದು ದೂರುವ ಪತ್ರಗಳು ಬರುತ್ತಿದ್ದವು, ಹೆಚ್ಚಿನವು ಬೆಂಗಳೂರಿನಿಂದ. ಗರಿಗರಿಯಾಗಿದ್ದರೆ ಅದು ಮೈಲಾರಿ ದೋಸೆಯೇ ಅಲ್ಲವಲ್ಲ! ಮೆತ್ತಗೆ, ಬೆಣ್ಣೆ ಹೀರಿಕೊಂಡು, ಬಾಯಿಗಿಟ್ಟರೆ ಜಗಿಯುವ ಕೆಲಸವಿಲ್ಲದಂತೆ ಇರಬೇಕು. ಒಳಗೆ ಸಾಗು, ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಇಲ್ಲ, ಕೇಳಲೂಬಾರದು. ಹೋಟೆಲಿನವರು ಏನು ಮಾಡಹೊರಟಿದ್ದಾರೆ ಎಂದು ಮೊದಲು ತಿಳಿದು, ಅದನ್ನು ಮಾಡಿದ್ದಾರಾ ಎಂದು ಆಮೇಲೆ ನೋಡಬೇಕು.

ಹೆಂಗಸು ಒಬ್ಬಳೇ ಹೋಗಿ ಕೂರುವುದರ ಕಷ್ಟ ಬೇರೆ. ಮಿಲಿಟರಿ ಹೋಟೆಲ್‌ಗಳಲ್ಲಿ ನಾನು ಬಾಗಿಲು ದಾಟುವ ಮೊದಲೇ "ಫ್ಯಾಮಿಲಿ ಒಳಗಡೆ" ಎಂದು ಕೈ ತೋರಿಸುತ್ತಿದ್ದರು. ನನಗೆ ಬೇಕಾದದ್ದು ಅಡುಗೆಮನೆಯ ಕಿಟಕಿ ಕಾಣುವ ಜಾಗ. ಒಳಗಿನ ಕೋಣೆಯಲ್ಲಿ ಕೂತರೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಗೊತ್ತಾಗದು. "ಇಲ್ಲೇ ಗಾಳಿ ಚೆನ್ನಾಗಿದೆ" ಎಂದು ಹೇಳಿ ಹೊರಗಡೆಯೇ ಕೂರುತ್ತಿದ್ದೆ. ಟೇಬಲ್ಲಿನಲ್ಲಿ ಪುಸ್ತಕ ತೆರೆದು ಬರೆಯುತ್ತಿರಲಿಲ್ಲ, ಅದಕ್ಕಿಂತ ಬೇಗ ಸಿಕ್ಕಿಬೀಳುವ ದಾರಿ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಸಂದೇಶ ಕಳಿಸಿಕೊಳ್ಳುತ್ತಿದ್ದೆ. ನೋಡಿದವರಿಗೆ ಗಂಡನ ಜೊತೆ ಜಗಳವಾಡುತ್ತಿರುವ ಹಾಗೆ ಕಾಣಿಸಿರಬೇಕು.

ಬಿಲ್ಲನ್ನೂ ಓದುತ್ತಿದ್ದೆ. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲ್‌ಗಳಿಗೆ ಜಿಎಸ್‌ಟಿ ಶೇ 5. ಆದರೆ ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಸರಳ ತೆರಿಗೆ ವ್ಯವಸ್ಥೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಹೋಟೆಲಿನವರು ಆ ತೆರಿಗೆಯನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಹಾಗೆಂದು ಬಿಲ್ಲಿನ ಮೇಲೆ ಬರೆದಿರಲೂ ಬೇಕು. 2022ರಿಂದ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆಯೂ ಬಿಲ್ಲಿನಲ್ಲಿರಬೇಕು. ರುಚಿಯ ಅಂಕಣದಲ್ಲಿ ಇದೆಲ್ಲ ಯಾಕೆ ಎಂದು ಸಂಪಾದಕರು ಗೊಣಗುತ್ತಿದ್ದರು. ಓದುಗರಿಂದ ಹೆಚ್ಚು ಪತ್ರ ಬಂದದ್ದು ಮಾತ್ರ ಇದಕ್ಕೇ.

ಕಹಿಯಾಗಿ ಬರೆಯುವಾಗ ವಾಕ್ಯ ಹೇಗಿರಬೇಕು ಎನ್ನುವುದನ್ನು ಪತ್ರಿಕೆಯ ವಕೀಲರೊಬ್ಬರು ಹೇಳಿಕೊಟ್ಟರು. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ, ಮೊದಲು ಐಪಿಸಿ 499ರಲ್ಲಿತ್ತು. ಸದುದ್ದೇಶದ ಅಭಿಪ್ರಾಯಕ್ಕೆ ರಕ್ಷಣೆ ಇದೆ, ಸಾಬೀತು ಮಾಡಲಾಗದ ಆರೋಪಕ್ಕಿಲ್ಲ. "ಹಳೇ ಎಣ್ಣೆಯಲ್ಲಿ ಕರಿಯುತ್ತಾರೆ" ಎಂದು ಬರೆದರೆ ಅದು ಆರೋಪ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವಂಥವು) ಶೇ 25 ದಾಟಬಾರದು ಎಂಬ ನಿಯಮವಿದೆ, ಅದನ್ನು ಅಳೆಯಲು ಉಪಕರಣ ಬೇಕು. ನನ್ನ ಬಳಿ ಇದ್ದದ್ದು ನಾಲಿಗೆ ಒಂದೇ. ಹಾಗಾಗಿ "ಬೋಂಡಾ ತಿಂದು ಎರಡು ಲೋಟ ನೀರು ಕುಡಿದರೂ ಗಂಟಲಿನಲ್ಲಿ ಜಿಡ್ಡು ಉಳಿದಿತ್ತು" ಎಂದು ಬರೆಯುತ್ತಿದ್ದೆ. ಓದುಗರಿಗೆ ಅರ್ಥವಾಗುತ್ತಿತ್ತು, ಭಟ್ಟರಿಗಂತೂ ಚೆನ್ನಾಗಿಯೇ ಅರ್ಥವಾಗುತ್ತಿತ್ತು. 2024ರಲ್ಲಿ ಗೋಬಿ ಮಂಚೂರಿ, ಆಮೇಲೆ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿದ ಮೇಲೂ ಕೆಲವು ತಳ್ಳುಗಾಡಿಗಳಲ್ಲಿ ಗೋಬಿ ಕುಂಕುಮದಷ್ಟು ಕೆಂಪಗಿತ್ತು. "ತಿಂದ ಬೆರಳು ಸೋಪು ಹಾಕಿದರೂ ಬಿಳಿಯಾಗಲಿಲ್ಲ" ಎಂದಷ್ಟೇ ಬರೆದೆ.

ಇನ್ನು ಗುರುತು ಸಿಕ್ಕಿದ ಕತೆ. ಕಾಲೇಜಿನಲ್ಲಿ ಪಾಠ ಮಾಡುವವಳು ಹೋಟೆಲ್ ವಿಮರ್ಶೆಗೆ ಇಳಿಯಬಾರದಿತ್ತೋ ಏನೋ. ನನ್ನ ಹಳೇ ವಿದ್ಯಾರ್ಥಿಗಳು ಊರಿನ ಅರ್ಧಕ್ಕರ್ಧ ಬಿಲ್ಲಿಂಗ್ ಕೌಂಟರುಗಳಲ್ಲಿದ್ದರು. ಕೆಲವರ ಮನೆಯದೇ ಹೋಟೆಲ್. ಕಾವ್ಯನಾಮ ಎಷ್ಟು ದಿನ ಕಾದೀತು? ಮೊದಲು ಬದಲಾದದ್ದು ಕಾಫಿ: ಉಳಿದವರಿಗೆ ಗಾಜಿನ ಲೋಟ, ನನಗೆ ಹಬೆಯಾಡುವ ಸ್ಟೀಲಿನ ಲೋಟ ಮತ್ತು ಬಟ್ಟಲು. ಆಮೇಲೆ ಕೇಳದಿದ್ದರೂ ಒಂದು ವಡೆ. ಆಮೇಲೆ ಗಲ್ಲಾದಿಂದ ಕೂಗು, "ಮೇಡಂಗೆ ಬಿಸಿದು ಹಾಕ್ಸೋ." ವಡೆಯನ್ನು ಬಿಲ್ಲಿಗೆ ಸೇರಿಸಿ ಎಂದರೆ "ಅಯ್ಯೋ ಬಿಡಿ ಮೇಡಂ, ಒಂದು ವಡೆಗೆ ಏನು ಲೆಕ್ಕ" ಅನ್ನುವರು. ಲೆಕ್ಕ ವಡೆಯದ್ದಲ್ಲ ಎಂದು ಹೇಳಿದರೆ ಜಂಬದ ಹೆಂಗಸು ಅನ್ನಿಸಿಕೊಳ್ಳಬೇಕು.

ಒಂದಷ್ಟು ಉಪಾಯ ಮಾಡಿ ನೋಡಿದೆ. ನಾದಿನಿಯನ್ನು ಹದಿನೈದು ನಿಮಿಷ ಮೊದಲು ಕಳಿಸಿ, ಅದೇ ತಿಂಡಿ ಹೇಳಿಸಿ, ಆಮೇಲೆ ನಾನು ಬೇರೆ ಟೇಬಲ್ಲಿನಲ್ಲಿ ಕೂತೆ. ಅವಳ ಉಪ್ಪಿಟ್ಟು ಆರಿತ್ತು, ನನ್ನದರ ಮೇಲೆ ಗೋಡಂಬಿ ಎದ್ದು ಕಾಣುತ್ತಿತ್ತು. ಇಬ್ಬರ ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು ಬರೆದ ಬರಹ ಜನರಿಗೆ ತುಂಬಾ ಹಿಡಿಸಿತು. ಆದರೆ ಅದನ್ನು ಪ್ರತಿ ವಾರ ಬರೆಯಲಾಗುವುದಿಲ್ಲ, ನಾದಿನಿಗೂ ಕೆಲಸವಿದೆ. ಪಾರ್ಸೆಲ್ ತರಿಸಿದರೆ ದೋಸೆ ಎಲೆಗೆ ಅಂಟಿಕೊಂಡು ಬೆವರುತ್ತದೆ, ಯಾರ ದೋಸೆಯಾದರೂ ಅಷ್ಟೇ.

ಮುಖ ಗೊತ್ತಾದರೆ ಏನಾಯಿತು, ಅಡುಗೆ ಅದೇ ತಾನೆ ಎಂದು ವಾದಿಸುವವರಿದ್ದಾರೆ. ವೆಲ್ಸ್ ಬಿಟ್ಟ ಮೇಲೆ 2025ರಲ್ಲಿ ಅದೇ ಪತ್ರಿಕೆ ತೇಜಲ್ ರಾವ್ ಮತ್ತು ಲಿಗಾಯಾ ಮಿಶನ್ ಅವರನ್ನು ಆ ಜಾಗಕ್ಕೆ ನೇಮಿಸಿದಾಗ ಅವರಿಬ್ಬರೂ ಮುಖ ಮರೆಸುವ ಗೊಡವೆಗೇ ಹೋಗಲಿಲ್ಲ. ಹೇಗೂ ವಿಮರ್ಶಕರ ಫೋಟೊ ಅಲ್ಲಿನ ಅಡುಗೆಮನೆಗಳ ಗೋಡೆಯ ಮೇಲಿರುತ್ತದೆ, ಗುರುತು ಹಿಡಿದ ಮಾತ್ರಕ್ಕೆ ಒಂದೇ ರಾತ್ರಿಯಲ್ಲಿ ಬಾಣಸಿಗರ ಕೈ ಬದಲಾಗುವುದಿಲ್ಲ ಎಂಬ ವಾದ ಇದೆ. ಅಲ್ಲಿಗೆ ಸರಿ ಇರಬಹುದು. ನಮ್ಮಲ್ಲಿ ಸಲ್ಲದು. ನಮ್ಮ ಹೋಟೆಲ್ ತಿಂಡಿಯ ಅರ್ಧ ಗುಣ ಇರುವುದೇ ಬಿಸಿಯಲ್ಲಿ. ಆಗಷ್ಟೇ ಕಾವಲಿಯಿಂದ ಎತ್ತಿದ ದೋಸೆಗೂ ಐದು ನಿಮಿಷ ಕೌಂಟರಿನಲ್ಲಿ ಕೂತ ದೋಸೆಗೂ ಅಜಗಜಾಂತರ. ಮೊದಲ ಡಿಕಾಕ್ಷನ್ನಿನ ಕಾಫಿ ಬೇರೆ, ಅದೇ ಪುಡಿಗೆ ಮತ್ತೆ ನೀರು ಸುರಿದು ಇಳಿಸಿದ್ದು ಬೇರೆ. ಒಬ್ಬ ಗಿರಾಕಿಗಾಗಿ ಇದನ್ನೆಲ್ಲ ಬದಲಾಯಿಸಲು ಬಾಣಸಿಗನ ಪ್ರತಿಭೆ ಬೇಡ, ಗಲ್ಲಾದವರ ಒಂದು ಕಣ್ಸನ್ನೆ ಸಾಕು. ಹಾಗಾದಾಗ ನಾನು ಬರೆಯುತ್ತಿದ್ದದ್ದು ಓದುಗರಿಗೆ ಸಿಗದ ತಿಂಡಿಯ ಬಗ್ಗೆ. ಅಂಥ ಅಂಕಣ ಯಾರಿಗೆ ಬೇಕು?

ಬಿಡುವುದನ್ನು ನಿಧಾನವಾಗಿಯೇ ಮಾಡಿದೆ. 2025ರ ದಸರಾ ಮುಗಿಯುವವರೆಗೆ ಬರೆಯುತ್ತೇನೆ ಎಂದು ಬೇಸಿಗೆಯಲ್ಲೇ ಹೇಳಿದೆ. ಒಂದೇ ಸಲ ಹೋಗಿದ್ದ ಹೋಟೆಲ್‌ಗಳ ಟಿಪ್ಪಣಿಗಳನ್ನು ಅಚ್ಚಿಗೆ ಕೊಡಲಿಲ್ಲ, ಎಷ್ಟೇ ಚೆನ್ನಾಗಿದ್ದರೂ. ವಿದಾಯದ ಸಂಚಿಕೆಗೆ "ಮೈಸೂರಿನ ಹತ್ತು ಅತ್ಯುತ್ತಮ ಹೋಟೆಲ್‌ಗಳು" ಬರೆದುಕೊಡಿ ಎಂದು ಕೇಳಿದರು. ಆ ಪುಟದ ಸುತ್ತ ಜಾಹೀರಾತಿಗೆ ಜಾಗ ಬಿಟ್ಟ ನಕ್ಷೆಯೂ ತಯಾರಾಗಿತ್ತು. ಆಗುವುದಿಲ್ಲ ಅಂದೆ. ಪಟ್ಟಿಯಲ್ಲಿ ಹನ್ನೊಂದನೆಯವನಾಗುವ ಹೋಟೆಲಿನವನು ಏನು ಪಾಪ ಮಾಡಿದ್ದ? ಹೋಗುತ್ತಾ ಹೋಗುತ್ತಾ ಪ್ರಶಸ್ತಿ ಹಂಚುವುದು ನಿವೃತ್ತರಾಗುವ ಕುಲಪತಿಗಳಿಗೆ ಬಿಟ್ಟ ಕೆಲಸ.

ಬದಲಿಗೆ ಕೊನೆಯ ಅಂಕಣವನ್ನು ಕಾಫಿಯ ದರದ ಬಗ್ಗೆ ಬರೆದೆ. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತ್ತು, ಕಾಫಿ ಬೀಜದ ಬೆಲೆ ಅದಕ್ಕೂ ಮೊದಲೇ ಗಗನಕ್ಕೇರಿ ಕೂತಿತ್ತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವ ರಾಜ್ಯದಲ್ಲೇ ಹೋಟೆಲಿನವರು ಚಿಕೋರಿ ಹೆಚ್ಚಿಸುತ್ತಿದ್ದಾರೆ, ಇಲ್ಲವೇ ಲೋಟ ಚಿಕ್ಕದು ಮಾಡುತ್ತಿದ್ದಾರೆ. ಚಿಕ್ಕ ಲೋಟ ಮೇಲು ಅನ್ನುವುದು ನನ್ನ ಪಕ್ಷ. ಚಿಕೋರಿ ಬೆರೆತ ಮೇಲೆ ಬೇರ್ಪಡಿಸಲಾಗದು, ಚಿಕ್ಕ ಲೋಟವಾದರೆ ಇನ್ನೊಂದು ಹೇಳಬಹುದು. ಬರಹದ ಕೆಳಗೆ ಒಂದೇ ಸಾಲು, "ಇನ್ನು ಮುಂದೆ ಈ ಅಂಕಣವನ್ನು ಬೇರೆಯವರು ಬರೆಯುತ್ತಾರೆ."

ಆ ಬೇರೆಯವರು ಯಾರು ಎನ್ನುವುದಕ್ಕೆ ಕೊಂಚ ಹಗ್ಗಜಗ್ಗಾಟವಾಯಿತು. ರೀಲ್ಸ್ ಮಾಡುವ ಹುಡುಗರನ್ನು ತರೋಣ, ಅವರಿಗೆ ಬಿಲ್ಲೂ ಕೊಡಬೇಕಾಗಿಲ್ಲ, ಹೋಟೆಲಿನವರೇ ನೋಡಿಕೊಳ್ಳುತ್ತಾರೆ ಎನ್ನುವ ಸಲಹೆ ಬಂತು. ದುಡ್ಡು ಅಥವಾ ಪುಕ್ಕಟೆ ಊಟ ಪಡೆದು ಹಾಕುವ ಪೋಸ್ಟಿಗೆ ಜಾಹೀರಾತು ಎಂದು ಹಣೆಪಟ್ಟಿ ಹಚ್ಚಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಹೇಳಿದೆ, ನಮ್ಮ ಪುಟದ ಮೇಲೂ ಹಾಗೇ ಅಚ್ಚು ಹಾಕುತ್ತೀರಾ ಎಂದು ಕೇಳಿದೆ. ಆ ಸಲಹೆ ಅಲ್ಲಿಗೆ ನಿಂತಿತು. ಕೊನೆಗೆ ಹುಣಸೂರು ಕಡೆಯಿಂದ ಬಂದ ಹುಡುಗಿಯೊಬ್ಬಳು ಒಪ್ಪಿಕೊಂಡಳು. ನನ್ನ ವಿದ್ಯಾರ್ಥಿನಿಯಲ್ಲ, ಊರಿನಲ್ಲಿ ನೆಂಟರಿಲ್ಲ, ಹಸಿವು ಚೆನ್ನಾಗಿದೆ. ನಾನು ಬಾಯಿಮಾತಿನಲ್ಲಿ ಹಾಕಿದ್ದ ಷರತ್ತುಗಳನ್ನು ಅವಳಿಗೆ ಕಾಗದದ ಮೇಲೆ ಬರೆಸಿ, ಸಂಪಾದಕರ ಸಹಿ ಮಾಡಿಸಿಕೊಟ್ಟೆ.

"ನಿಮ್ಮ ಟಿಪ್ಪಣಿಗಳನ್ನು ಕೊಡ್ತೀರಾ ಮೇಡಂ?" ಎಂದು ಕೇಳಿದಳು. ಇನ್ನೂ ಬರೆಯದೆ ಉಳಿದ ಹೋಟೆಲ್‌ಗಳ ಹೆಸರು, ಬಾಗಿಲು ತೆರೆಯುವ ಹೊತ್ತು, ವಾರದ ರಜೆ, ಇಷ್ಟನ್ನು ಕೊಟ್ಟೆ. ನನ್ನ ಅಭಿಪ್ರಾಯಗಳನ್ನು ಕೊಡಲಿಲ್ಲ. ಕೊಟ್ಟರೆ ಅವಳು ನನ್ನ ನಾಲಿಗೆಯಲ್ಲೇ ತಿನ್ನುತ್ತಾಳೆ. ಮಿಲಿಟರಿ ಹೋಟೆಲಿನಲ್ಲಿ ಎಲ್ಲಿ ಕೂರಬೇಕು ಎನ್ನುವುದನ್ನು ಮಾತ್ರ ವಿವರವಾಗಿ ಹೇಳಿದೆ.

ಈಗ ನಾನು ಚಾಮುಂಡಿಪುರಂನ ಜಿಟಿಆರ್‌ಗೋ ಮನೆ ಹತ್ತಿರದ ದರ್ಶಿನಿಗೋ ಹೋದರೆ ಇಡ್ಲಿ ಮಗುಚುವುದಿಲ್ಲ. ಕೇಳದೆ ವಡೆ ಇಟ್ಟರೆ ತಿನ್ನುತ್ತೇನೆ. ಅಂಕಣವನ್ನು ಭಾನುವಾರ ಎಲ್ಲಕ್ಕಿಂತ ಮೊದಲು ಓದುತ್ತೇನೆ. ಹುಡುಗಿ ಚೆನ್ನಾಗಿ ಬರೆಯುತ್ತಾಳೆ, ನನಗಿಂತ ಖಾರ. ಮೊನ್ನೆ ನಾನು ಹಿಂದೆ ಹೊಗಳಿದ್ದ ಹೋಟೆಲಿಗೇ ಹೋಗಿ, ಅಲ್ಲಿಯ ಬಿಸಿಬೇಳೆಬಾತಿಗೆ ಚಕ್ಕೆ ಜಾಸ್ತಿಯಾಗಿದೆ ಎಂದು ಬರೆದಿದ್ದಾಳೆ. ಚಕ್ಕೆ ಅಲ್ಲ, ಮರಾಠಿ ಮೊಗ್ಗು.