ಹೆಗಲಿನ ನಾಲ್ಕು ಒಳಸ್ನಾಯುಗಳನ್ನು ಗುರುತಿಸಿ ಪಳಗಿಸುವ ಬಗೆ

ದಾವಣಗೆರೆಯ ಗರಡಿಮನೆಯಲ್ಲಿ ಗದೆ ತಿರುಗಿಸುವವರಿಗೂ ಎ.ಪಿ.ಎಂ.ಸಿ. ಅಂಗಳದಲ್ಲಿ ಮೆಕ್ಕೆಜೋಳದ ಚೀಲಗಳನ್ನು ಎತ್ತರಕ್ಕೆ ಒಟ್ಟುವ ಹಮಾಲರಿಗೂ ಹೆಗಲುನೋವು ಹೊಸದಲ್ಲ. ನೋವು ಬಂದಾಗ ಮೇಲೆ ಕಾಣುವ ದಪ್ಪ ಸ್ನಾಯುವಾದ ಡೆಲ್ಟಾಯ್ಡ್‌ಗೆ ಎಣ್ಣೆ ತಿಕ್ಕುತ್ತೇವೆ. ತೊಂದರೆ ಬಹಳ ಸಲ ಅದರಡಿಯಲ್ಲಿರುವ ರೊಟೇಟರ್ ಕಫ್‌ನಲ್ಲಿ, ಅಂದರೆ ಹೆಗಲ ಕೀಲನ್ನು ಸುತ್ತುವರಿದ ನಾಲ್ಕು ಒಳಸ್ನಾಯುಗಳ ಗುಂಪಿನಲ್ಲಿ, ಇರುತ್ತದೆ.

ತೋಳಮೂಳೆಯ ಗುಂಡು ತಲೆಯು ಬೆನ್ನ ಮೇಲ್ಭಾಗದ ಚಪ್ಪಟೆ ಮೂಳೆಯಾದ ರೆಕ್ಕೆಮೂಳೆಯ ಆಳವಿಲ್ಲದ ಕುಳಿಯ ಮೇಲೆ, ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತೆ, ಜಾರುವ ಸ್ಥಿತಿಯಲ್ಲೇ ಕೂತಿರುತ್ತದೆ. ತೋಳನ್ನು ಪಕ್ಕಕ್ಕೆ ಎತ್ತಲು ಡೆಲ್ಟಾಯ್ಡ್ ಎಳೆದಾಗ ಆ ಗುಂಡು ಮೇಲಕ್ಕೆ ಜರುಗಿ ಭುಜದ ತುದಿಮೂಳೆಗೆ ಒತ್ತಿಬಿಡಬಹುದು. ಹಾಗಾಗದಂತೆ ಹಿಂಬದಿಯ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂಬದಿಯ ಸಬ್‌ಸ್ಕ್ಯಾಪುಲಾರಿಸ್ ಗುಂಡನ್ನು ಕೆಳಕ್ಕೂ ಒಳಕ್ಕೂ ಎಳೆದು ಹಿಡಿಯುತ್ತವೆ, ಮೇಲಿನ ಸುಪ್ರಾಸ್ಪೈನೇಟಸ್ ಅದನ್ನು ಕುಳಿಗೆ ಅದುಮುತ್ತದೆ. ತೋಳೆತ್ತುವ ಮೊದಲ 15 ಡಿಗ್ರಿ ಮಾತ್ರ ಸುಪ್ರಾಸ್ಪೈನೇಟಸ್‌ನ ಪಾಲು ಎಂದು ಹಲವರು ಕಲಿತಿರುತ್ತಾರೆ. ವಾಸ್ತವದಲ್ಲಿ ಅದೂ ಡೆಲ್ಟಾಯ್ಡ್ ಸಹ ಆರಂಭದಿಂದಲೇ ಜೊತೆಯಾಗಿ ದುಡಿಯುತ್ತವೆ. ಕೈ ಪೂರ್ತಿ ಮೇಲೇರುವ 180 ಡಿಗ್ರಿಯಲ್ಲಿ ಸುಮಾರು 120 ಈ ಕೀಲಿನದು, ಉಳಿದ 60 ರೆಕ್ಕೆಮೂಳೆ ಪಕ್ಕೆಲುಬಿನ ಮೇಲೆ ತಿರುಗುವುದರಿಂದ ಬರುತ್ತದೆ.

ಮೊದಲು ಇವುಗಳ ಕೆಲಸವನ್ನು ನಿಮ್ಮ ಮೈಯಲ್ಲೇ ಗುರುತಿಸಿ. ಬಲ ಮೊಣಕೈಯನ್ನು ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಿಸಿ, ಮುಂಗೈಯ ಹಿಂಬದಿಯನ್ನು ಬಾಗಿಲ ಚೌಕಟ್ಟಿಗೆ ಹೊರಮುಖವಾಗಿ ಮೆಲ್ಲನೆ ಒತ್ತಿ. ರೆಕ್ಕೆಮೂಳೆಯ ಅಡ್ಡ ಏಣಿನ ಕೆಳಗೆ ಎಡಗೈ ತಲುಪದಿದ್ದರೆ ಮನೆಯವರ ಬೆರಳನ್ನು ಅಲ್ಲಿ ಇಡಿಸಿ. ಅಲ್ಲಿ ಗಟ್ಟಿಯಾಗುವುದೇ ಇನ್‌ಫ್ರಾಸ್ಪೈನೇಟಸ್. ರೆಕ್ಕೆಮೂಳೆ ಮತ್ತು ಪಕ್ಕೆಲುಬಿನ ನಡುವೆ ಅಡಗಿರುವ ಸಬ್‌ಸ್ಕ್ಯಾಪುಲಾರಿಸ್ ಬೆರಳಿಗೆ ಸಿಗದು, ಆದ್ದರಿಂದ ಅಂಗೈಯನ್ನು ಹೊಟ್ಟೆಗೆ ಒತ್ತಿ ಮೊಣಕೈ ಹಿಂದಕ್ಕೆ ಜಾರದಂತೆ ಹಿಡಿಯಬಲ್ಲಿರೇ ಎಂದು ನೋಡಿ.

ಆಮೇಲೆ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬಿನ ಪಟ್ಟಿಯೊಂದನ್ನು ತಂದು ಮೊಣಕೈಯ ಎತ್ತರಕ್ಕೆ ಕಿಟಕಿ ಸರಳಿಗೆ ಕಟ್ಟಿ. ಎಡಮಗ್ಗುಲನ್ನು ಕಿಟಕಿಯತ್ತ ಮಾಡಿ ನಿಂತು, ಬಲ ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟುಕೊಂಡು, ಮುಂಗೈಯನ್ನು ಹೊಟ್ಟೆಯ ಮುಂದಿನಿಂದ ಹೊರಕ್ಕೆ ತಿರುಗಿಸಿ, ಅಷ್ಟೇ ನಿಧಾನವಾಗಿ ಮರಳಿಸಿ. ಟವೆಲ್ ಬಿದ್ದರೆ ಡೆಲ್ಟಾಯ್ಡ್ ಕೆಲಸ ಕಸಿದುಕೊಂಡಿದೆ ಎಂದು ತಿಳಿಯಿರಿ. ಬಳಿಕ ಬಲಮಗ್ಗುಲನ್ನು ಕಿಟಕಿಯತ್ತ ತಿರುಗಿಸಿ ಹೊಟ್ಟೆಯ ಕಡೆಗೆ ಎಳೆಯಿರಿ. ಎರಡೂ ದಿಕ್ಕಿಗೆ 10ರಿಂದ 15 ಸಲ ಸಾಕು; ಇಲ್ಲಿ ಭಾರ ಹೆಚ್ಚಿಸುವ ಗರಡಿಯ ಹುಮ್ಮಸ್ಸು ಕೆಲಸಕ್ಕೆ ಬಾರದು, ಏಕೆಂದರೆ ಪಟ್ಟಿ ಬಿಗಿಯಾದಷ್ಟೂ ದೊಡ್ಡ ಸ್ನಾಯುಗಳೇ ನುಗ್ಗುತ್ತವೆ. ಸುಪ್ರಾಸ್ಪೈನೇಟಸ್‌ಗಾಗಿ ಹೆಬ್ಬೆರಳು ಮೇಲಿರುವಂತೆ, ತೋಳನ್ನು ನೇರ ಪಕ್ಕಕ್ಕಲ್ಲದೆ ಸುಮಾರು 30 ಡಿಗ್ರಿ ಮುಂದಕ್ಕೆ ತಂದು, ಭುಜದ ಮಟ್ಟದವರೆಗೆ ಎತ್ತಿ ಇಳಿಸಿ. ಹೆಬ್ಬೆರಳು ಕೆಳಗೆ ಮಾಡಿ ಎತ್ತುವ ರೂಢಿಯನ್ನು ಬಿಡುವುದು ಲೇಸು; ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜಿಗೆ ಇರುವ ಜಾಗವನ್ನು ಕಿರಿದಾಗಿಸುತ್ತದೆ.

ತೋಳೆತ್ತುವಾಗ 60ರಿಂದ 120 ಡಿಗ್ರಿಯ ನಡುವೆ ಮಾತ್ರ ನೋವಾದರೆ ಆ ಎತ್ತರಕ್ಕಿಂತ ಕೆಳಗೆ ಅಭ್ಯಾಸ ಮಾಡಿ. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗದಷ್ಟು ನೋವಿದ್ದರೆ, ಮೂಳೆತಜ್ಞರಿಗೆ ತೋರಿಸದೆ ಪಟ್ಟಿ ಹಿಡಿಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ಬೇರೆಯವರು ತಿರುಗಿಸಿದರೂ ಮುಂಗೈ ಹೊರಕ್ಕೆ ಹೋಗದಷ್ಟು ಹೆಗಲು ಬಿಗಿದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು.