ಕೈಮಗ್ಗದ ಸದ್ದಿನಿಂದ ಒಂದು ಸಂಗೀತ ಪ್ರಾಜೆಕ್ಟ್: ಪ್ರಶ್ನೆಯಿಂದ ಕೃತಿಯವರೆಗೆ

ಸಂಗೀತದ ವಿದ್ಯಾರ್ಥಿಗಳು 'ನಮ್ಮೂರ ಸದ್ದುಗಳು' ಎಂಬಂಥ ವಿಷಯ ಹಿಡಿದು ಹೊರಟಾಗ ಸಾಮಾನ್ಯವಾಗಿ ಆಗುವುದು ಇಷ್ಟು. ಸಂತೆ, ಗುಡಿಯ ಗಂಟೆ, ಬಸ್‌ಸ್ಟ್ಯಾಂಡು, ಮಳೆ ಎಲ್ಲ ಸೇರಿ ಗಂಟೆಗಟ್ಟಲೆ ರೆಕಾರ್ಡಿಂಗ್ ಬೀಳುತ್ತದೆ. ಸೆಮಿಸ್ಟರಿನ ಕೊನೆಯ ವಾರ ಅದರ ಮೇಲೊಂದಿಷ್ಟು ಎಕೋ ಹಾಕಿ, ಕೆಳಗೆ ತಂಬೂರಿ ಶ್ರುತಿ ಇಟ್ಟು ಒಪ್ಪಿಸುತ್ತಾರೆ. ವರದಿಯಲ್ಲಿರುವ ಸಂಶೋಧನೆಗೂ ಕೇಳುವ ಕೃತಿಗೂ ಸಂಬಂಧವೇ ಇರುವುದಿಲ್ಲ. ಹಾಗಾಗದಿರಬೇಕಾದರೆ ಮೈಕ್ ಮುಟ್ಟುವ ಮೊದಲೇ ಒಂದು ವಸ್ತು, ಒಂದು ಪ್ರಶ್ನೆ ಗೊತ್ತಾಗಿರಬೇಕು. ಆ ಪ್ರಶ್ನೆಗೆ ಸಿಕ್ಕ ಉತ್ತರವೇ ಕೃತಿಯ ಆಕಾರವಾಗಬೇಕು.

ಇಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ನೇಯುವ ಕೈಮಗ್ಗವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಬೀಸುವ ಕಲ್ಲು, ಗಾಣ, ಕಮ್ಮಾರನ ಕುಲುಮೆ ಯಾವುದಾದರೂ ಆದೀತು, ಕ್ರಮ ಬದಲಾಗುವುದಿಲ್ಲ.

ಪ್ರಶ್ನೆ ಚಿಕ್ಕದಿರಲಿ

'ಮಗ್ಗದ ಸಂಗೀತ' ಪ್ರಶ್ನೆಯಲ್ಲ. 'ಸೀರೆಯ ಮೈ ನೇಯುವಾಗಿನ ಲಯ ಸೆರಗು ನೇಯುವಾಗ ಬದಲಾಗುತ್ತದೆಯೇ? ಬದಲಾದರೆ ಎಷ್ಟು, ಎಲ್ಲಿ?' ಎಂಬುದು ಪ್ರಶ್ನೆ. ಅದನ್ನು ಅಳೆಯಬಹುದು, ಕೇಳಿಸಬಹುದು. ಇಳಕಲ್ ಸೀರೆಯಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಮೈಯ ಹಾಸು (ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕೊಂಡಿ ಹಾಕುವಷ್ಟು ಹೊತ್ತು ಅಡ್ಡ ಎಳೆ ಒಯ್ಯುವ ಲಾಳಿ ಓಡುವುದಿಲ್ಲ, ಮಗ್ಗ ಸುಮ್ಮನಿರುತ್ತದೆ. ಅಂದರೆ ಮೈ, ಮೌನ, ಸೆರಗು ಎಂಬ ಮೂರು ಭಾಗದ ರಚನೆ ಆ ಕೆಲಸದಲ್ಲೇ ಇದೆ, ನೀವು ಹೊರಗಿನಿಂದ ತರಬೇಕಿಲ್ಲ.

ಮೊದಲ ಎರಡು ವಾರ ಓದುವುದಕ್ಕೆ, ಕೇಳುವುದಕ್ಕೆ ಮೀಸಲಿಡಿ. ಈಜಿಪ್ಟಿನ ಸಂಗೀತ ರಚನೆಕಾರ ಹಲೀಮ್ ಎಲ್-ದಬ್ 1944ರಲ್ಲಿ ಕೈರೋದಲ್ಲಿ ತಂತಿ ರೆಕಾರ್ಡರ್ ಹೊತ್ತೊಯ್ದು ಝಾರ್ ಎಂಬ ದೆವ್ವ ಬಿಡಿಸುವ ಆಚರಣೆಯ ಹಾಡನ್ನು ಹಿಡಿದು, ಅದನ್ನು ಸ್ಟುಡಿಯೋದಲ್ಲಿ ಬದಲಾಯಿಸಿದರು. ಫ್ರಾನ್ಸಿನ ರಚನೆಕಾರ ಪಿಯರ್ ಶೆಫರ್ 1948ರಲ್ಲಿ ಪ್ಯಾರಿಸ್‌ನ ರೈಲು ನಿಲ್ದಾಣದ ಸದ್ದನ್ನೇ ಕತ್ತರಿಸಿ ಜೋಡಿಸಿ ಕೃತಿ ಮಾಡಿದರು. ನಮ್ಮಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಇದ್ದ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಶುರುವಾಯಿತು. ಗೀತಾ ಸಾರಾಭಾಯಿ, ಜಿನರಾಜ್ ಜೋಶಿಪುರಾ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ಇವುಗಳನ್ನು ಕೇಳುವಾಗ ಒಂದೇ ಸಂಗತಿ ಬರೆದುಕೊಳ್ಳಿ: ಮೂಲದ ಸದ್ದು ಯಾವ ಕ್ಷಣದವರೆಗೆ ಗುರುತು ಸಿಗುತ್ತದೆ, ಎಲ್ಲಿಂದ ಮುಂದೆ ಸಿಗುವುದಿಲ್ಲ.

ನೇಕಾರರ ಮನೆಗೆ

ಮೊದಲ ಸಲ ಹೋಗುವಾಗ ರೆಕಾರ್ಡರ್ ಬೇಡ, ನೋಟ್‌ಬುಕ್ ಸಾಕು. ಮಗ್ಗದ ಒಂದೊಂದು ಭಾಗಕ್ಕೂ ಆ ಮನೆಯವರು ಏನೆನ್ನುತ್ತಾರೋ ಅದನ್ನೇ ಬರೆದುಕೊಂಡು, ಮುಂದೆ ಫೈಲು, ಟ್ರ್ಯಾಕುಗಳಿಗೂ ಅದೇ ಹೆಸರಿಡಿ. ಕೂಲಿ ಲೆಕ್ಕ ಹೇಗೆ ಎಂದು ಕೇಳಿ. ಸೀರೆಯ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ನಿಮ್ಮಿಂದ ಹೋದ ಎರಡು ಗಂಟೆ ಎಂದರೆ ಹೋದ ದುಡ್ಡು. ಅದನ್ನು ಕಟ್ಟಿಕೊಡುವುದು ಸೌಜನ್ಯವಲ್ಲ, ಬಾಕಿ. ಬಜೆಟ್‌ನಲ್ಲಿ ಮೊದಲ ಸಾಲೇ ಅದಾಗಿರಲಿ. ಒಪ್ಪಿಗೆಯನ್ನು ಕನ್ನಡದಲ್ಲೇ ಕೇಳಿ, ಧ್ವನಿಯಲ್ಲೇ ದಾಖಲಿಸಿ: ಯಾಕೆ ಹಿಡಿಯುತ್ತಿದ್ದೇವೆ, ಎಲ್ಲಿ ಕೇಳಿಸುತ್ತೇವೆ, ಹೆಸರು ಹಾಕಬೇಕೋ ಬೇಡವೋ. ನೇಯುತ್ತಾ ಹಾಡಿದರೆ ಆ ಹಾಡಿಗೆ ಬೇರೆಯಾಗಿ ಒಪ್ಪಿಗೆ ಕೇಳಬೇಕು.

ಕಾಂಟ್ಯಾಕ್ಟ್ ಮೈಕ್ ಮಾಡಿಕೊಳ್ಳುವುದು

ಗಾಳಿಯ ಮೈಕ್, ಎಂದರೆ ಸಾಮಾನ್ಯ ಮೈಕ್, ಕೋಣೆಯನ್ನು ಕೇಳುತ್ತದೆ; ಮಗ್ಗಕ್ಕೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಮರವನ್ನು ಕೇಳುತ್ತದೆ. ಪಕ್ಕದ ಮನೆಯ ಪವರ್‌ಲೂಮ್, ರಸ್ತೆಯ ಟ್ರ್ಯಾಕ್ಟರ್, ಮಕ್ಕಳ ಗಲಾಟೆ ಇದಕ್ಕೆ ಹೆಚ್ಚೇನೂ ತಾಗುವುದಿಲ್ಲ. ಕೊಂಡು ತರುವ ಬದಲು ಮಾಡಿಕೊಳ್ಳುವುದೇ ಒಳ್ಳೆಯದು, ಕೆಟ್ಟಾಗ ಏಕೆ ಕೆಟ್ಟಿತೆಂದು ಆಗ ತಿಳಿಯುತ್ತದೆ.

ಬೇಕಾದದ್ದು: 27 ಮಿಲಿಮೀಟರ್‌ನ ಪೀಜೋ ಡಿಸ್ಕ್ (ಅದುರಿದರೆ ವಿದ್ಯುತ್ ಹೊರಡಿಸುವ ಬಿಲ್ಲೆ), ಶೀಲ್ಡ್ ಇರುವ ತೆಳು ಆಡಿಯೋ ಕೇಬಲ್ 2 ಮೀಟರ್, 6.35 ಮಿಲಿಮೀಟರ್‌ನ ಮೋನೋ ಜ್ಯಾಕ್, ಇನ್ಸುಲೇಷನ್ ಟೇಪು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಯಾವುದೇ ಊರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲೋ ಸಿಗುತ್ತವೆ. ಡಿಸ್ಕ್ ಆರೇಳು ತನ್ನಿ, ಬೆಸುಗೆ ಕಲಿಯುವಾಗ ಒಂದೆರಡು ಹೋಗುತ್ತವೆ. ಕೇಬಲ್ಲಿನ ಒಳತಂತಿಯನ್ನು ನಡುವಿನ ಬಿಳಿ ಭಾಗಕ್ಕೂ ಹೊರಜಾಲರಿಯನ್ನು ಹಿತ್ತಾಳೆಯ ಅಂಚಿಗೂ ಬೆಸೆಯಿರಿ. ಬಿಳಿ ಭಾಗದ ಮೇಲೆ ಬೆಸುಗೆ ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ನಿಂತರೆ ಬೆಳ್ಳಿಯ ಲೇಪ ಕಿತ್ತು ಬರುತ್ತದೆ. ತಂತಿಗಳು ಅದಲುಬದಲಾದರೆ ಮೈಕ್ ಕೆಲಸ ಮಾಡುತ್ತದೆ, ಆದರೆ ಹಿತ್ತಾಳೆ ಮುಟ್ಟಿದ ಕೂಡಲೇ ಗುಂಯ್ ಎನ್ನುತ್ತದೆ. ಕೊನೆಗೆ ಡಿಸ್ಕಿನ ಎರಡೂ ಬದಿಗೆ ಟೇಪು ಸುತ್ತಿ, ಕೇಬಲ್ ಎಳೆದರೆ ಬೆಸುಗೆಗೆ ಪೆಟ್ಟು ಬೀಳದಂತೆ ಬುಡದಲ್ಲಿ ಬಿಗಿಯಾಗಿ ಕಟ್ಟಿ.

ಈಗ ಹೆಚ್ಚಿನವರು ಎಡವುವ ಜಾಗ. ಇದನ್ನು ನೇರವಾಗಿ ಫೋನಿಗೆ ಚುಚ್ಚಿದರೆ ಡಬ್ಬಿ ತಟ್ಟಿದಂಥ ತೆಳು ಸದ್ದು ಬರುತ್ತದೆ, ತಪ್ಪು ಡಿಸ್ಕಿನದೆಂದು ಹೊಸದು ತರುತ್ತಾರೆ. ಡಿಸ್ಕ್ ಸರಿಯಾಗಿಯೇ ಇದೆ. ಪೀಜೋ ಒಂದು ಕೆಪಾಸಿಟರ್‌ನಂತೆ ವರ್ತಿಸುತ್ತದೆ, ಈ ಅಳತೆಯದು ಸುಮಾರು 20 ನ್ಯಾನೋಫ್ಯಾರಡ್. ಅದು ಎದುರಿನ ಇನ್‌ಪುಟ್ಟಿನ ರೋಧದ ಜೊತೆ ಸೇರಿ ತಗ್ಗುಸ್ವರಗಳನ್ನು ಕತ್ತರಿಸುವ ಫಿಲ್ಟರ್ ಆಗಿಬಿಡುತ್ತದೆ. ರೋಧ 2 ಕಿಲೋಓಮ್ ಆದರೆ ಸುಮಾರು 4,000 ಹರ್ಟ್ಜ್‌ನಿಂದ ಕೆಳಗೆ ಸೋರಿಕೆ ಶುರು. 10 ಕಿಲೋಓಮ್ ಆದರೆ 800 ಹರ್ಟ್ಜ್. 1 ಮೆಗಾಓಮ್ ಆದರೆ 8 ಹರ್ಟ್ಜ್, ಅಂದರೆ ಕೇಳುವಂಥದ್ದು ಯಾವುದೂ ಹೋಗುವುದಿಲ್ಲ. ಆದ್ದರಿಂದ ಆಡಿಯೋ ಇಂಟರ್‌ಫೇಸಿನ ಗಿಟಾರ್ ಇನ್‌ಪುಟ್ಟನ್ನು ಬಳಸಿ, ಅಥವಾ ನಡುವೆ ಅಕೂಸ್ಟಿಕ್ ಗಿಟಾರಿನ ಪಿಕಪ್ ಪ್ರೀಆಂಪ್ (ಸಿಗ್ನಲ್ ಹೆಚ್ಚಿಸುವ ಪುಟ್ಟ ಪೆಟ್ಟಿಗೆ) ಹಾಕಿ.

ಡಿಸ್ಕನ್ನು ಮಗ್ಗಕ್ಕೆ ಅಂಟಿಸಲು ತೆಳು ಡಬಲ್ ಟೇಪೇ ಸರಿ. ದಪ್ಪ ಫೋಮ್ ಟೇಪು ತಾರಸ್ಥಾಯಿಯ ಸದ್ದನ್ನು ನುಂಗುತ್ತದೆ. ಹಣಿಗೆ (ಅಡ್ಡ ಎಳೆಯನ್ನು ಬಡಿದು ಕೂರಿಸುವ ಬಾಚಣಿಗೆಯಂಥ ಭಾಗ) ಬಂದು ಬಡಿಯುವ ಜಾಗದ ಹತ್ತಿರವೇ ಅಂಟಿಸಿದರೆ ಪ್ರತಿ ಬಡಿತಕ್ಕೂ ಪೀಜೋ ಕೆಲವು ವೋಲ್ಟ್ ಹೊರಡಿಸಿ ಸಿಗ್ನಲ್ ಒಡೆಯುತ್ತದೆ. ಚೌಕಟ್ಟಿನ ಕಂಬಕ್ಕೆ, ಬಡಿತದಿಂದ ಒಂದೆರಡು ಅಡಿ ದೂರಕ್ಕೆ ಸರಿಸಿ. ಹಾಸಿನ ಎಳೆಗೆ ಏನೂ ತಾಗಕೂಡದು. ಕೇಬಲ್ ತುಳಿಯುವ ಹಲಗೆಯ ಕಡೆ ಹೋಗಕೂಡದು. ಲಾಳಿ ಓಡುವ ಸಾಲಿನ ಎರಡೂ ತುದಿಗೆ ಯಾರೂ ನಿಲ್ಲಬೇಡಿ, ತಪ್ಪಿದ ಲಾಳಿ ಮೊನೆ ಮುಂದಾಗಿ ಹಾರಿ ಬರುತ್ತದೆ.

ರೆಕಾರ್ಡಿಂಗ್ ದಿನ

48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ನಿಧಾನ ಮಾಡಿ ಕೇಳಿಸುವ ಪ್ರಯೋಗಕ್ಕಿರುವ ಸದ್ದುಗಳನ್ನು ಮಾತ್ರ 96 ಕಿಲೋಹರ್ಟ್ಜ್‌ನಲ್ಲಿ ಹಿಡಿಯಿರಿ. 48ರಲ್ಲಿ ಸ್ಟೀರಿಯೋ ಗಂಟೆಗೆ ಸುಮಾರು 1 ಜಿಬಿ, 96ರಲ್ಲಿ ಅದರ ಎರಡರಷ್ಟು. ಅತಿ ಜೋರಾದ ಬಡಿತ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಲಿ. ಸದ್ದಿನ ಮಟ್ಟವನ್ನು ತಾನಾಗಿ ಏರಿಳಿಸುವ ಆಟೋ ಗೇನ್ ಕಡ್ಡಾಯವಾಗಿ ಆಫ್ ಮಾಡಿ. ಆನ್ ಇದ್ದರೆ ಪ್ರತಿ ಬಡಿತದ ನಂತರ ಕೋಣೆಯ ಗದ್ದಲ ಉಬ್ಬಿ ಬಂದು ಮತ್ತೆ ಕುಗ್ಗುತ್ತದೆ, ಇದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಪಡಿಸುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡುವವರು ಆಟೋ ಗೇನ್ ಆಫ್ ಮಾಡಲು ಬಿಡುವ ಆ್ಯಪ್ ಹುಡುಕಿಕೊಳ್ಳಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ಗಾಳಿಯ ಮೈಕ್ ಒಂದನ್ನು ನೇಕಾರರ ಹೆಗಲ ಮಟ್ಟದಲ್ಲಿ, ಮಗ್ಗದಿಂದ 1 ಮೀಟರ್ ದೂರಕ್ಕಿಡಿ. ಇನ್ನೊಂದಿದ್ದರೆ ಬಾಗಿಲ ಬಳಿ. ಫ್ಯಾನ್ ಆರಿಸಬೇಕೆಂದರೆ ಕೇಳಿಯೇ ಆರಿಸಿ, ಅದೂ ಎರಡು ಮೂರು ನಿಮಿಷ. ಏಪ್ರಿಲ್ ತಿಂಗಳಲ್ಲಿ ಅರ್ಧ ಗಂಟೆ ಫ್ಯಾನ್ ಇಲ್ಲದೆ ಮಗ್ಗಕ್ಕೆ ಕೂರಿಸುವುದು ನ್ಯಾಯವಲ್ಲ. ಉದ್ದನೆಯ ಟೇಕಿಗೆ ಕರೆಂಟು ಹೋಗುವ ಹೊತ್ತನ್ನು ವಿಚಾರಿಸಿ; ಆಗ ಸುತ್ತಲಿನ ಪವರ್‌ಲೂಮ್‌ಗಳೂ ನಿಂತಿರುತ್ತವೆ.

ಹಿಡಿಯುವ ಕ್ರಮ ಹೀಗಿರಲಿ. ಮೊದಲು ಯಾರೂ ಮಾತಾಡದೆ ಒಂದು ನಿಮಿಷ ಖಾಲಿ ಕೋಣೆ. ನಂತರ ಬಿಡಿ ಸದ್ದುಗಳು: ಬರೀ ತುಳಿತ, ಬರೀ ಲಾಳಿ, ಬರೀ ಹಣಿಗೆಯ ಬಡಿತ, ಪ್ರತಿಯೊಂದೂ ಐದು ಸಲ, ನಡುವೆ ಮೂರು ಸೆಕೆಂಡ್ ಬಿಟ್ಟು. ಆಮೇಲೆ ತಡೆಯಿಲ್ಲದೆ 20 ನಿಮಿಷದ ನೇಯ್ಗೆ. ಮೈಕ್ ಇದೆ ಎಂಬ ಎಚ್ಚರದಲ್ಲಿ ಯಾರದೇ ಆದರೂ ಕೈ ಮೊದಲು ಬಿಗಿಯಾಗಿರುತ್ತದೆ, ಹಾಗಾಗಿ ಮೊದಲ ಐದು ನಿಮಿಷವನ್ನು ಅಳತೆಗೆ ಬಳಸಬೇಡಿ. ಎಳೆ ಹರಿದು ಕಟ್ಟುವುದು, ಲಾಳಿಯ ಕಂಡಿಕೆ (ನೂಲು ಸುತ್ತಿದ ಕೊಳವೆ) ಬದಲಿಸುವುದು, ಇವಕ್ಕೆಲ್ಲ ರೆಕಾರ್ಡರ್ ನಿಲ್ಲಿಸಬೇಡಿ. ಲಯ ಎಲ್ಲಿ ಮುರಿಯುತ್ತದೆ ಎಂಬುದೂ ನಿಮ್ಮ ಪ್ರಶ್ನೆಯ ಭಾಗ. ಕೊಂಡಿ ಹಾಕುವ ದಿನವನ್ನು ಮೊದಲೇ ಕೇಳಿಟ್ಟುಕೊಂಡು ಬೇರೆಯಾಗಿ ಹೋಗಿ. ಆಗ ಮೈಕನ್ನು ಬೆರಳುಗಳಿಂದ ಒಂದು ಗೇಣಿನೊಳಗೆ ತನ್ನಿ. ರೇಷ್ಮೆ ಎಳೆ ಬೆರಳ ತುದಿಯಲ್ಲಿ ಜಾರುವ ಸಣ್ಣ ಸರ್ರೆನ್ನುವ ಸದ್ದು, ಉಸಿರು, ಆಗಾಗ ಉಗುರು ತಾಗುವ ಟಿಕ್. ಗೇನ್ ಏರಿಸಿ ಇದನ್ನು ಹಿಡಿಯುವಾಗ ಅಗ್ಗದ ಮೈಕಿನ ಸ್ವಂತ ಸುಯ್‌ಗುಡುವಿಕೆಯೂ ಸೇರುತ್ತದೆ, ಹತ್ತಿರ ಹೋದಷ್ಟೂ ಅದು ಕಡಿಮೆ.

ಪ್ರತಿ ಟೇಕಿನ ಮೊದಲು ದಿನಾಂಕ, ಜಾಗ, ಮೈಕ್, ದೂರ ಬಾಯಲ್ಲಿ ಹೇಳಿ. ಎರಡು ಬೇರೆ ಬೇರೆ ಯಂತ್ರದಲ್ಲಿ ಹಿಡಿಯುತ್ತಿದ್ದರೆ ಆರಂಭದಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ ಹಾಕಿ. ಎರಡರ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಅರ್ಧ ಗಂಟೆಗೆ 36 ಮಿಲಿಸೆಕೆಂಡ್ ಜಾರುತ್ತದೆ, ಕಿವಿಗೆ ಜೋಡಿ ಬಡಿತವಾಗಿ ಕೇಳುತ್ತದೆ. ಚಪ್ಪಾಳೆಗಳಿದ್ದರೆ ಒಂದು ಟ್ರ್ಯಾಕನ್ನು ತುಸು ಹಿಗ್ಗಿಸಿ ಸರಿ ಮಾಡಬಹುದು.

ಅಳೆಯುವುದು

ಆಡಾಸಿಟಿ ಎಂಬ ಉಚಿತ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕಾಂಟ್ಯಾಕ್ಟ್ ಟ್ರ್ಯಾಕ್ ತೆರೆಯಿರಿ. ಒಂದು ಸುತ್ತಿನಲ್ಲಿ ಮೂರು ಘಟನೆಗಳಿವೆ: ತುಳಿತ, ಲಾಳಿ, ಬಡಿತ. ಪ್ರತಿಯೊಂದರ ಆರಂಭಕ್ಕೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಬಿ ಒತ್ತಿ ಲೇಬಲ್ ಹಾಕಿ. ಮೈಯಲ್ಲಿ 50 ಸುತ್ತು, ಸೆರಗಿನಲ್ಲಿ 50 ಸುತ್ತು ಸಾಕು. ಲೇಬಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಸೆಕೆಂಡುಗಳ ಪಟ್ಟಿ ಸಿಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಒಂದರಿಂದ ಹಿಂದಿನದನ್ನು ಕಳೆದು ಅಂತರ ತೆಗೆಯಿರಿ, ಸರಾಸರಿ ಮತ್ತು ಏರಿಳಿತ ಎರಡನ್ನೂ ನೋಡಿ. ಬಡಿತದಿಂದ ಬಡಿತಕ್ಕೆ 1.2 ಸೆಕೆಂಡ್ ಬಂದರೆ ನಿಮಿಷಕ್ಕೆ 50 ಸುತ್ತು.

ಮೂರು ಘಟನೆ ಕಂಡ ಕೂಡಲೇ ತಾಳಕ್ಕೆ ಕೂರಿಸುವ ಆಸೆ ಬರುತ್ತದೆ. ಎರಡು ಸುತ್ತು ಸೇರಿದರೆ ದಾದ್ರಾದ ಆರು ಮಾತ್ರೆ, ಎಂಟು ಸುತ್ತು ಸೇರಿದರೆ ಆದಿತಾಳ ತಿಶ್ರ ನಡೆಯ ಒಂದು ಆವರ್ತ. ತಾಳವಾದ್ಯದವರನ್ನು ಜೊತೆಗೆ ನುಡಿಸಲು ಕರೆಯುವಾಗ ಈ ಲೆಕ್ಕ ಉಪಯುಕ್ತ. ಆದರೆ ತುಳಿತ, ಲಾಳಿ, ಬಡಿತಗಳ ನಡುವಿನ ಅಂತರ ಸಮನಾಗಿರಲೇಬೇಕೆಂದಿಲ್ಲ. ಸಾಫ್ಟ್‌ವೇರಿನ ಕ್ವಾಂಟೈಜ್ ಗುಂಡಿ ಒತ್ತಿ ಅವನ್ನು ಸಮ ಮಾಡಿದರೆ ನೀವು ಅಳೆದು ತಂದದ್ದನ್ನೇ ಅಳಿಸಿದಂತೆ. ಮೃದಂಗವೋ ತಬಲಾವೋ ಮಗ್ಗವನ್ನು ಹಿಂಬಾಲಿಸಲಿ.

ಪ್ರಯೋಗಗಳು

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಲಾಗ್‌ನಲ್ಲಿ ಒಂದು ಸಾಲು: ಯಾವ ಫೈಲ್, ಏನು ಮಾಡಿದಿರಿ, ಏನು ಕೇಳಿಸಿತು. ಫಲ ಕೊಡದ್ದನ್ನೂ ಬರೆಯಿರಿ.

ಬಡಿತದ ಮೊದಲ 50ರಿಂದ 100 ಮಿಲಿಸೆಕೆಂಡ್ ಕತ್ತರಿಸಿ, ಕತ್ತರಿಸಿದ ತುದಿಗೆ ಸಣ್ಣ ಫೇಡ್ ಕೊಡಿ, ಇಲ್ಲದಿದ್ದರೆ ಟಿಕ್ ಎನ್ನುತ್ತದೆ. ಶೆಫರ್ ಗಂಟೆಯ ನಾದದಲ್ಲಿ ಮಾಡಿ ನೋಡಿದ್ದು ಇದನ್ನೇ: ಆರಂಭ ಹೋದರೆ ಸದ್ದಿನ ಗುರುತೂ ಹೋಗುತ್ತದೆ. ಲಾಳಿಯ ಓಟವನ್ನು ಅರ್ಧ ವೇಗಕ್ಕೆ ಇಳಿಸಿದರೆ ಸದ್ದು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಶ್ರುತಿ ಉಳಿಸಿ ಹಿಗ್ಗಿಸುವ ಟೈಮ್ ಸ್ಟ್ರೆಚ್ ಬೇರೆ ಪ್ರಯೋಗ, ಅದರಲ್ಲಿ ಬಡಿತಗಳ ಮೊನೆ ಸವೆದು ನೀರಿನಂತಾಗುತ್ತದೆ.

ಒಂದು ಸುತ್ತಿನ ಲೂಪ್ ಎರಡು ಪ್ರತಿ ಮಾಡಿ, ಒಂದು 1.200 ಸೆಕೆಂಡ್, ಇನ್ನೊಂದು 1.212 ಸೆಕೆಂಡ್ ಇರಲಿ. ಪ್ರತಿ ಸುತ್ತಿಗೆ 12 ಮಿಲಿಸೆಕೆಂಡ್ ಸರಿಯುತ್ತಾ ಹೋಗಿ, ಉದ್ದನೆಯ ಲೂಪಿನ 100 ಸುತ್ತು ಮುಗಿದಾಗ, ಎಂದರೆ ಸುಮಾರು ಎರಡು ನಿಮಿಷಕ್ಕೆ, ಎರಡೂ ಮತ್ತೆ ಕೂಡುತ್ತವೆ. ಈ ವ್ಯತ್ಯಾಸವನ್ನು ಮನಸ್ಸಿಗೆ ಬಂದಂತೆ ಆರಿಸದೆ ನಿಮ್ಮ ಅಳತೆಯ ಏರಿಳಿತದಿಂದಲೇ ತೆಗೆದುಕೊಂಡರೆ ಸಂಶೋಧನೆ ಕೃತಿಯೊಳಗೆ ಬಂದಂತೆ.

ಕಾಂಟ್ಯಾಕ್ಟ್ ಮತ್ತು ಗಾಳಿಯ ಟ್ರ್ಯಾಕ್ ಕೂಡಿಸಿದಾಗ ಸದ್ದು ಟೊಳ್ಳಾದರೆ ಕಾರಣ ದೂರ. ಗಾಳಿಯಲ್ಲಿ ಸದ್ದು 1 ಮೀಟರ್ ದಾಟಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಅಷ್ಟು ತಡವಾಗಿ ಬಂದ ಪ್ರತಿ ಮೂಲಕ್ಕೆ ಸೇರಿದಾಗ 172 ಹರ್ಟ್ಜ್ ಸುತ್ತಮುತ್ತ ಮೊದಲ ಕೊರಕಲು ಬೀಳುತ್ತದೆ, ಎಂದರೆ ಅಲ್ಲಿನ ಸದ್ದು ಕುಗ್ಗುತ್ತದೆ. ಗಾಳಿಯ ಟ್ರ್ಯಾಕನ್ನು ಅಷ್ಟು ಬೇಗ ಶುರುವಾಗುವಂತೆ ಎಡಕ್ಕೆ ಎಳೆಯಿರಿ. ಕರೆಂಟಿನ ಗುಂಯ್ ಇದ್ದರೆ 50, 100, 150 ಹರ್ಟ್ಜ್‌ಗಳಲ್ಲಿ ಕಿರಿದಾದ ನಾಚ್ (ಅಷ್ಟನ್ನೇ ತೆಗೆಯುವ ಫಿಲ್ಟರ್) ಹಾಕಿ. 80 ಹರ್ಟ್ಜ್‌ನ ಹೈಪಾಸ್ (ಅದರ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಗಾಳಿಯ ಮೈಕಿಗೆ ಮಾತ್ರ. ಕಾಂಟ್ಯಾಕ್ಟ್ ಟ್ರ್ಯಾಕಿಗೂ ಹಾಕಿದರೆ ಬಡಿತದ ಗುಂಡಿಗೆಯೇ ಹೋಗುತ್ತದೆ.

ಆರು ನಿಮಿಷದ ಕೃತಿಗೆ ಇಷ್ಟು ಸಾಮಗ್ರಿ ಧಾರಾಳ. ಮೈ ಭಾಗಕ್ಕೆ ಮರದ ಸದ್ದು, ಕೊಂಡಿಗೆ ಬೆರಳುಗಳದ್ದು ಮಾತ್ರ, ಸೆರಗಿಗೆ ಅಳತೆ ತೋರಿಸಿದ ಹೊಸ ಲಯ. ನಡುವಿನ ಭಾಗ ಖಾಲಿ ಎನಿಸಿ ಅಲ್ಲಿ ಏನಾದರೂ ತುಂಬಬೇಕೆನಿಸುತ್ತದೆ. ತುಂಬಬೇಡಿ. ಅಲ್ಲಿ ನಡೆಯುತ್ತಿರುವುದು ಇಡೀ ಸೀರೆಯಲ್ಲೇ ಅತಿ ಸೂಕ್ಷ್ಮ ಕೆಲಸ.

ಮೂಲ ಫೈಲುಗಳನ್ನು ಎಡಿಟ್ ಮಾಡದೆ ಎರಡು ಬೇರೆ ಡಿಸ್ಕ್‌ಗಳಲ್ಲಿಡಿ, ಜೊತೆಗೆ ಲಾಗ್, ಅಳತೆಯ ಪಟ್ಟಿ, ಒಪ್ಪಿಗೆಯ ಧ್ವನಿ. ಒಪ್ಪಿಸುವ ಮೊದಲು ಕರಡನ್ನು ನೇಕಾರರಿಗೆ ಕೇಳಿಸಿ. ಲಾಳಿಯ ಸದ್ದು ಎಲ್ಲಿ ತಪ್ಪಾಗಿದೆ, ಯಾವ ಬಡಿತ ಸಡಿಲ ಹೊಡೆತ ಎಂದು ಅವರಿಗೆ ಥಟ್ಟನೆ ತಿಳಿಯುತ್ತದೆ; ತಿದ್ದಲು ಒಂದು ವಾರ ಕೈಯಲ್ಲಿಟ್ಟುಕೊಂಡೇ ಹೋಗಿ. ಮುಗಿದ ಕೃತಿಯನ್ನು ವಾಟ್ಸಾಪಿನಲ್ಲಿ ಆಡಿಯೋ ತುಣುಕಾಗಿ ಕಳಿಸಿ ಸುಮ್ಮನಾಗಬೇಡಿ. ಪೆನ್‌ಡ್ರೈವಿನಲ್ಲಿ ವೇವ್ ಮತ್ತು ಎಂಪಿ3 ಎರಡನ್ನೂ, ಅವರ ಮನೆಯಲ್ಲಿ ಹಿಡಿದ ಪೂರ್ತಿ ರೆಕಾರ್ಡಿಂಗಿನ ಪ್ರತಿಯನ್ನೂ ಹಾಕಿ ಕೈಗೆ ಕೊಟ್ಟು ಬನ್ನಿ.